ಹಳೇ ಬೇಸ್‌ಬಾಲ್ ಆಟಗಾರರ ಹಸ್ತಾಕ್ಷರ: ಯಾವುದು ಸಿಗುತ್ತದೆ, ಯಾವುದನ್ನು ಮುಟ್ಟಬಾರದು?

ಸಿನ್ಸಿನಾಟಿ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಂಚೆಚೀಟಿ, ನಾಣ್ಯ, ಕ್ರಿಕೆಟಿಗರ ಸಹಿ ಕೂಡಿಡುವವರೇ ಜಾಸ್ತಿ. ನನ್ನ ಹುಚ್ಚು ಸ್ವಲ್ಪ ಬೇರೆ. 1920ಕ್ಕೂ ಮುಂಚಿನ ಅಮೆರಿಕದ ಬೇಸ್‌ಬಾಲ್ ಆಟಗಾರರ ಸಹಿಗಳ ಹಿಂದೆ ಬಿದ್ದಿದ್ದೇನೆ.

ಇದಕ್ಕೆ ಕಾರಣ ನಾನಿರುವ ಊರು. ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟು ಕಟ್ಟಿದ ಮೊದಲ ತಂಡ ಇಲ್ಲಿಯದೇ, 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ನಾಯಕ ಹ್ಯಾರಿ ರೈಟ್‌ಗೆ ವರ್ಷಕ್ಕೆ 1200 ಡಾಲರ್, ತಮ್ಮ ಜಾರ್ಜ್ ರೈಟ್‌ಗೆ 1400. ಅಣ್ಣನಿಗಿಂತ ತಮ್ಮನಿಗೇ ಹೆಚ್ಚು! ಹ್ಯಾರಿ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಈ ಊರಿಗೆ ಬಂದಿದ್ದು ಸಂಬಳದ ಕ್ರಿಕೆಟಿಗನಾಗಿ. ಹಾಗಾಗಿ ಕ್ರಿಕೆಟ್‌ನವರು ಈ ಚರ್ಚೆಗೆ ಧಾರಾಳವಾಗಿ ಬರಬಹುದು.

ಈಗ ವಿಷಯ. ಆನ್‌ಲೈನ್‌ನಲ್ಲಿ ಒಬ್ಬರು ಎಡ್ ಡೆಲಹಾಂಟಿಯ ಸಹಿ ಮಾರುತ್ತಿದ್ದಾರೆ. ಬೆರಳುದ್ದದ ಕಾಗದದ ಚೂರು, ಕಂದು ಶಾಯಿ, ಜೊತೆಗೆ ಒಂದು ಪ್ರಮಾಣಪತ್ರ. ಬೆಲೆ ನನ್ನ ಕೈಗೆ ಎಟಕುವಷ್ಟಿದೆ. ನನಗೆ ಅನುಮಾನ ಬಂದಿರುವುದೇ ಅದಕ್ಕೆ. ತಿಳಿದವರು ಏನು ಹೇಳುತ್ತೀರಿ?

ಹಳೇಕಾಗದ

ಸಾರ್, ದುಡ್ಡು ಕಳಿಸಬೇಡಿ. ಮೊದಲು ಡೆಲಹಾಂಟಿ ಯಾರು ಅಂತ ಉಳಿದವರಿಗೂ ಹೇಳಿಬಿಡುತ್ತೇನೆ. 1890ರ ದಶಕದ ಭಾರೀ ಬ್ಯಾಟ್ಸ್‌ಮನ್. 1903ರ ಜುಲೈ ಆರಂಭದಲ್ಲಿ ಕುಡಿದು ಗಲಾಟೆ ಮಾಡಿದ ಅಂತ ರೈಲಿನಿಂದ ಇಳಿಸಿದರು. ಕತ್ತಲಲ್ಲಿ ನಯಾಗರಾ ಬಳಿಯ ರೈಲು ಸೇತುವೆಯ ಮೇಲೆ ನಡೆದುಹೋದ, ಅಲ್ಲಿಂದ ನದಿಗೆ ಬಿದ್ದು ಸತ್ತ. ಆಗ ಆಟ ಬಿಟ್ಟಿರಲೂ ಇಲ್ಲ. ಅವನ ಅಸಲಿ ಸಹಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿವೆ. ಅಂಥದ್ದು ಒಂದು ಹೊಸದಾಗಿ ಸಿಕ್ಕರೆ ದೊಡ್ಡ ಹರಾಜು ಮನೆಗಳು ಮಾರುವವರ ಮನೆ ಬಾಗಿಲಿಗೇ ಬರುತ್ತವೆ. ಅದು ನಿಮ್ಮ ಕೈಗೆ ಎಟಕುವ ಬೆಲೆಗೆ ಸುಮ್ನೆ ಒಂದು ಮೂಲೆಯಲ್ಲಿ ಬಿದ್ದಿರುವುದಿಲ್ಲ.

ಇನ್ನೊಂದು ಮಾತು. ಕಟ್, ಅಂದರೆ ಕತ್ತರಿಸಿ ತೆಗೆದ ಸಹಿ, ಇದೆಯಲ್ಲ, ಈ ಕಾಲದ ಆಟಗಾರರ ಮಟ್ಟಿಗೆ ಅದರಷ್ಟು ಅನುಮಾನದ ವಸ್ತು ಬೇರೆ ಇಲ್ಲ. ಅದನ್ನು ಯಾವುದರಿಂದ ಕತ್ತರಿಸಿದರು? ಪತ್ರದಿಂದಲೋ, ಒಪ್ಪಂದದಿಂದಲೋ, ಹೋಟೆಲ್ ರಿಜಿಸ್ಟರ್‌ನಿಂದಲೋ? ಕತ್ತರಿಸುವಾಗ ಸುತ್ತಲಿನ ಸಾಕ್ಷಿಯೆಲ್ಲ ಹೋಗಿರುತ್ತದೆ. ಹಳೆ ಪುಸ್ತಕಗಳ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವುದು ನಕಲಿ ಸಹಿಯವರ ಹಳೆಯ ವಿದ್ಯೆ. ಕಾಗದ ನಿಜವಾಗಿಯೂ 1890ರದ್ದೇ ಇರುತ್ತದೆ, ಸಹಿ ಮಾತ್ರ ಹೋದ ತಿಂಗಳದ್ದು.

ಮಾರುವವರಿಗೆ ಎರಡೇ ಕೇಳಿ. ಚೂರಿನ ಹಿಂಬದಿಯ ಫೋಟೋ ಕಳಿಸಿ, ಇದು ನಿಮಗೆ ಯಾರಿಂದ ಬಂತು ಹೇಳಿ. ಉತ್ತರ ನೋಡಿಕೊಂಡು ಮುಂದಿನದು ಮಾತಾಡೋಣ.

ಮಲ್ಲೇಶ್ವರ_ಹುಡುಗ

ಬೇಸ್‌ಬಾಲ್‌ನಲ್ಲಿ ನನಗೆ ಗೊತ್ತಿರುವ ಹೆಸರು ಒಂದೇ, ಬೇಬ್ ರೂತ್. ಅವನ ಸಹಿಯೇ ಎಲ್ಲಕ್ಕಿಂತ ಅಪರೂಪ ಅಂದುಕೊಂಡಿದ್ದೆ. ಅಲ್ವಾ?

ಹಳೇಕಾಗದ

ಅಲ್ಲ. ರೂತ್ ಕೇಳಿದವರಿಗೆಲ್ಲ ಸಹಿ ಹಾಕಿದ ಮನುಷ್ಯ. ಮಕ್ಕಳಿಗೆ, ಆಸ್ಪತ್ರೆಗಳಲ್ಲಿ, ರೈಲು ನಿಲ್ದಾಣದಲ್ಲಿ, ಹೋಟೆಲ್ ಲಾಬಿಯಲ್ಲಿ. 1948ರಲ್ಲಿ ಸಾಯುವ ತನಕ ಹಾಕುತ್ತಲೇ ಇದ್ದ. ಅವನ ಸಹಿಗೆ ದುಡ್ಡು ಜಾಸ್ತಿ, ಆದರೆ ಅದು ಅಪರೂಪವಲ್ಲ. ಇವತ್ತೇ ಹುಡುಕಿದರೂ ಸಿಗುತ್ತದೆ.

ಹಳೇ ಆಟಗಾರರಲ್ಲಿ ಯಾರ ಸಹಿ ಅಪರೂಪ ಅನ್ನುವುದಕ್ಕೂ ಯಾರು ಚೆನ್ನಾಗಿ ಆಡಿದರು ಅನ್ನುವುದಕ್ಕೂ ಅಷ್ಟೇನೂ ಸಂಬಂಧವಿಲ್ಲ. ಯಾವಾಗ ಸತ್ತರು, ಬರೆಯುವ ಅಭ್ಯಾಸ ಇತ್ತಾ, ಬರೆದ ಕಾಗದವನ್ನು ಯಾರಾದರೂ ಎತ್ತಿಟ್ಟರಾ? ಈ ಮೂರರ ಮೇಲೆಯೇ ಎಲ್ಲ ನಿಂತಿದೆ.

ಕ್ಲೀವ್‌ಲ್ಯಾಂಡ್‌ನ ಇಬ್ಬರನ್ನು ನೋಡಿ. 1910ರಲ್ಲಿ ಒಂದೇ ತಂಡದಲ್ಲಿದ್ದರು.

ಒಬ್ಬ ಆಡಿ ಜಾಸ್. 1908ರಲ್ಲಿ ಎದುರಾಳಿಯ ಒಬ್ಬನೇ ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದೆ ಪೂರ್ತಿ ಪಂದ್ಯ ಎಸೆದ ಪಿಚರ್. ಕಾಲೇಜು ಕಂಡವನು. ಆಟವಿಲ್ಲದ ತಿಂಗಳುಗಳಲ್ಲಿ ಟೊಲೀಡೊದ ಪತ್ರಿಕೆಗೆ ಬರೆಯುತ್ತಿದ್ದ. ಅಂದರೆ ಬರೆಯುವುದೇ ಎರಡನೇ ಕಸುಬು. ಆದರೆ 1911ರ ಏಪ್ರಿಲ್‌ನಲ್ಲಿ ಕ್ಷಯ ಮೆದುಳಿಗೆ ಏರಿ ತೀರಿಕೊಂಡ. ಆಗ ಅವನಿಗೆ 31 ವರ್ಷ. ಸಹಿ ಕೇಳಿ ಪತ್ರ ಬರೆಯುವ ಸಂಗ್ರಾಹಕರ ಕಾಲ ಇನ್ನೂ ಹುಟ್ಟಿರಲಿಲ್ಲ. ಬರೆದ ಕಾಗದವೆಲ್ಲ ಪತ್ರಿಕೆಯ ಕಸದ ಬುಟ್ಟಿಗೆ ಹೋಗಿರಬೇಕು.

ಇನ್ನೊಬ್ಬ ಜೋ ಜಾಕ್ಸನ್. 'ಶೂಲೆಸ್ ಜೋ' ಅಂತ ಕರೆಯುತ್ತಾರಲ್ಲ, ಅವನೇ. ಬದುಕಿದ್ದು 1951ರವರೆಗೆ. ಆದರೆ ಅವನಿಗೆ ಓದು ಬರಹ ಬರುತ್ತಿರಲಿಲ್ಲ. ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ ಸಣ್ಣ ವಯಸ್ಸಿಗೇ ಹತ್ತಿ ಗಿರಣಿಗೆ ಕೆಲಸಕ್ಕೆ ಹೋದವನು, ಶಾಲೆಯ ಮುಖ ನೋಡಲಿಲ್ಲ. ಪತ್ರ ಬರೆಯುವುದು, ಚೆಂಡಿಗೆ ಸಹಿ ಹಾಕುವುದು ಎಲ್ಲ ಹೆಂಡತಿ ಕೇಟಿಯ ಕೆಲಸ. ಒಪ್ಪಂದ, ಉಯಿಲು ಇಂಥ ಕಡೆ ತಾನೇ ಹಾಕಲೇಬೇಕಾದಾಗ, ಕೇಟಿ ಬರೆದುಕೊಟ್ಟದ್ದನ್ನು ನೋಡಿಕೊಂಡು ಹೆಸರಿನ ಆಕಾರವನ್ನು ಬಿಡಿಸುತ್ತಿದ್ದ. ಅಸಲಿ ಜಾಕ್ಸನ್ ಸಹಿ ನೋಡಿದರೆ ಗೊತ್ತಾಗುತ್ತದೆ. ಅಕ್ಷರಗಳು ಒಂದಕ್ಕೊಂದು ಸಲೀಸಾಗಿ ಹರಿಯುವುದಿಲ್ಲ, ಪೆನ್ನು ಅಲ್ಲಲ್ಲಿ ತಡವರಿಸುತ್ತದೆ. ಬೇರೆ ಯಾರ ಸಹಿಯಲ್ಲಾದರೂ ಈ ತಡವರಿಕೆ ಕಂಡರೆ ಅದು ನಕಲಿಯ ಗುರುತು. ಜಾಕ್ಸನ್ ವಿಷಯದಲ್ಲಿ ಮಾತ್ರ ಅದೇ ಅಸಲಿಯ ಗುರುತು. ಹೇಗಿದೆ ನೋಡಿ!

ವರ್ಲ್ಡ್ ಸೀರೀಸ್ ಅಂದರೆ ಎರಡು ದೊಡ್ಡ ಲೀಗ್‌ಗಳಲ್ಲಿ ಗೆದ್ದ ತಂಡಗಳ ನಡುವಿನ ಕೊನೆಯ ಹಣಾಹಣಿ. 1919ರ ವರ್ಲ್ಡ್ ಸೀರೀಸ್ ಮೋಸದಾಟದ ಹಗರಣದಲ್ಲಿ ಅವನನ್ನು ಆಟದಿಂದಲೇ ಹೊರಹಾಕಿದರು. ಅದೂ ಬೆಲೆ ಏರಿಸಿತು. 1990ರಲ್ಲಿ ಅವನ ಕತ್ತರಿಸಿದ ಒಂದು ಸಹಿ ಹರಾಜಿನಲ್ಲಿ 23,100 ಡಾಲರ್‌ಗೆ ಹೋದಾಗ ಜನ ಬಾಯಿ ಮೇಲೆ ಕೈಯಿಟ್ಟುಕೊಂಡರು. 2021ರಲ್ಲಿ ಅವನು ಸಹಿ ಹಾಕಿದ 1911ರ ಒಂದು ಫೋಟೋ 14 ಲಕ್ಷ 70 ಸಾವಿರ ಡಾಲರ್‌ಗೆ ಮಾರಾಟವಾಯಿತು.

ಶಾಯಿಬುಡ್ಡಿ

ಹಳೇಕಾಗದ ಅವರು ಕೈಬರಹದ ಕಡೆ ಹೇಳಿದರು. ನಾನು ಸಾಮಾನಿನ ಕಡೆ ಹೇಳುತ್ತೇನೆ. ಇದಕ್ಕೆ ಪರಿಣತಿ ಬೇಡ, ಇಸವಿ ನೆನಪಿದ್ದರೆ ಸಾಕು.

ಅಮೆರಿಕದಲ್ಲಿ ಬಾಲ್ ಪೆನ್ ಅಂಗಡಿಗೆ ಬಂದಿದ್ದು 1945ರ ಅಕ್ಟೋಬರ್‌ನಲ್ಲಿ. ಲೂ ಗೆರಿಗ್ ತೀರಿಕೊಂಡಿದ್ದು 1941ರಲ್ಲಿ, ಕ್ರಿಸ್ಟಿ ಮ್ಯಾಥ್ಯೂಸನ್ 1925ರಲ್ಲಿ. ಇವರ ಬಾಲ್ ಪೆನ್ ಸಹಿ ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ತಮಾಷೆಗೆ ಹೇಳುತ್ತಿಲ್ಲ, ಇಂಥವು ನಿಜವಾಗಿಯೂ ಮಾರಾಟಕ್ಕೆ ಬರುತ್ತವೆ.

ದೊಡ್ಡ ಲೀಗ್‌ಗಳು ಎರಡು, ಅಮೆರಿಕನ್ ಮತ್ತು ನ್ಯಾಷನಲ್. ಚೆಂಡುಗಳ ಮೇಲೆ ಆಯಾ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ಅಮೆರಿಕನ್ ಲೀಗ್ ಚೆಂಡಿನ ಮೇಲೆ ವಿಲಿಯಂ ಹ್ಯಾರಿಜ್ ಅಂತಿದ್ದರೆ ಅದು 1931ಕ್ಕಿಂತ ಹಿಂದಿನದಲ್ಲ. ನ್ಯಾಷನಲ್ ಲೀಗ್‌ನಲ್ಲಿ ಫೋರ್ಡ್ ಫ್ರಿಕ್ ಅಂದರೆ 1934ರ ನಂತರದ್ದು. ಸತ್ತವನು ಆಮೇಲೆ ತಯಾರಾದ ಚೆಂಡಿನ ಮೇಲೆ ಸಹಿ ಹಾಕಲಾರ ತಾನೇ? ಹೊಲಿಗೆಯ ದಾರವನ್ನೂ ನೋಡಬೇಕು. ಹಳೇ ನ್ಯಾಷನಲ್ ಲೀಗ್ ಚೆಂಡಿಗೆ ಕೆಂಪು ಮತ್ತು ಕಪ್ಪು ದಾರ, ಅಮೆರಿಕನ್ ಲೀಗ್‌ನದಕ್ಕೆ ಕೆಂಪು ಮತ್ತು ನೀಲಿ.

ಕಾಗದಕ್ಕೆ ನೇರಳಾತೀತ ದೀಪ ಹಿಡಿಯಿರಿ. ಸುಮಾರು 1950ರಿಂದೀಚೆಗೆ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸುತ್ತಾರೆ. ಅಂಥ ಕಾಗದ ಈ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. 1890ರ ಚೂರು ಹೊಳೆದರೆ ಅಲ್ಲಿಗೆ ಮುಗಿಯಿತು. ಹೊಳೆಯದಿದ್ದರೆ ಮಾತ್ರ ಏನೂ ಸಾಬೀತಾಗಲಿಲ್ಲ. ಹಳೆ ಪುಸ್ತಕದ ಹಾಳೆಯೂ ಹೊಳೆಯುವುದಿಲ್ಲ.

ಶಾಯಿಯ ಬಣ್ಣ ನಂಬಬೇಡಿ. ಹಳೇ ಕಾಲದ ದೊಡ್ಡ ಆಟಗಾರ ಟೈ ಕಾಬ್ ಹಸಿರು ಶಾಯಿಯಲ್ಲಿ ಬರೆಯುತ್ತಿದ್ದ ಅನ್ನುವುದು ಪ್ರಸಿದ್ಧ. ಹಸಿರು ಶಾಯಿಯ ಬುಡ್ಡಿ ನಕಲಿಯವರಿಗೂ ಅಂಗಡಿಯಲ್ಲಿ ಸಿಗುತ್ತದೆ. ಕಾಬ್ ಬರೆದಿದ್ದು ಅಂತ 1946ರ ಒಂದು ಡೈರಿ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್‌ನ ಅತಿ ಶ್ರೇಷ್ಠರನ್ನು ಆರಿಸಿ ಗೌರವಿಸುವ ಮ್ಯೂಸಿಯಂವರೆಗೂ ಹೋಗಿತ್ತು. ಕೊನೆಗೆ ಎಫ್‌ಬಿಐ ಪರೀಕ್ಷೆಯಲ್ಲಿ ಅದು ನಕಲಿ ಅಂತ ತಿಳಿಯಿತು. ಅಂಥ ಮ್ಯೂಸಿಯಂ ಮೋಸ ಹೋಗಿದೆ ಅಂದಮೇಲೆ ನಾವು ಯಾವ ಲೆಕ್ಕ.

ಬೋಣಿಗೆ_ಬೇಟೆ

ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. ಇಷ್ಟೆಲ್ಲ ಪತ್ತೇದಾರಿಕೆ ಯಾಕೆ ಬೇಕು? ಸಹಿ ಪರೀಕ್ಷಿಸುವ ಕಂಪನಿಗಳೇ ಇವೆ. ದುಡ್ಡು ಕಟ್ಟಿದರೆ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ನಾನು ಪ್ರಮಾಣಪತ್ರ ಇಲ್ಲದ್ದನ್ನು ಕೊಳ್ಳುವುದಿಲ್ಲ, ಇದ್ದದ್ದನ್ನು ಅನುಮಾನಿಸುವುದಿಲ್ಲ. ನೆಮ್ಮದಿಯಾಗಿದ್ದೇನೆ.

ಹಳೇಕಾಗದ

ನೆಮ್ಮದಿ ಒಳ್ಳೆಯದೇ. ಆದರೆ ಆಪರೇಷನ್ ಬುಲ್‌ಪೆನ್ ಕಥೆ ಕೇಳಿದ್ದೀರಾ? 1990ರ ದಶಕದಲ್ಲಿ ಸ್ಯಾನ್ ಡಿಯಾಗೊದಿಂದ ಎಫ್‌ಬಿಐ ನಡೆಸಿದ ತನಿಖೆ. 1999ರ ಅಕ್ಟೋಬರ್‌ನಲ್ಲಿ ದಾಳಿ ಮಾಡಿದಾಗ ನಕಲಿ ಸಹಿಯ ದೊಡ್ಡ ಜಾಲವೇ ಸಿಕ್ಕಿತು. ಸಹಿಯ ಜೊತೆಗೆ ಪ್ರಮಾಣಪತ್ರಗಳೂ ನಕಲಿ. ಚೆಂಡು ಹಳೆಯದಾಗಿ ಕಾಣಲಿ ಅಂತ ಅರಗಿನ ವಾರ್ನಿಷ್ ಬಳಿಯುತ್ತಿದ್ದರು. ರೂತ್, ಗೆರಿಗ್ ಸಹಿಗಳ ನಡುವೆ ಅಲ್ಲಿ ಸಿಕ್ಕಿದ್ದು ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್! ಕಲ್ಕತ್ತೆಯಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಆ ತಾಯಿ ಬೇಸ್‌ಬಾಲ್ ಮೇಲೆ ಸಹಿ ಹಾಕಿದರು ಅಂತ ನಂಬಿ ಕೊಳ್ಳುವವರೂ ಇದ್ದರು ಅಂದರೆ ಮಾರುಕಟ್ಟೆ ಹೇಗಿತ್ತು ಯೋಚಿಸಿ.

ಹೆಸರಾಂತ ಪರೀಕ್ಷಕರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ರೂತ್, ಕಾಬ್, ಸೈ ಯಂಗ್ ಇಂಥವರ ಸಾವಿರಾರು ಸಹಿ ನೋಡಿರುತ್ತಾರೆ, ಅಲ್ಲಿ ಅವರ ಮಾತಿಗೆ ತೂಕ ಇದೆ. ಡೆಲಹಾಂಟಿಯದ್ದು ಇರುವುದೇ ಕೆಲವು. ಹೋಲಿಸಿ ನೋಡಲು ಅವರ ಬಳಿ ತಾನೇ ಏನಿದೆ? ಅಂಥ ಕಡೆ ಪ್ರಮಾಣಪತ್ರ ಅಂದರೆ ಒಬ್ಬರ ಅಭಿಪ್ರಾಯ, ಅಷ್ಟೇ.

ಬೋಣಿಗೆ_ಬೇಟೆ

ಅಪರೂಪದವರ ಮಟ್ಟಿಗೆ ಒಪ್ಪಿದೆ. ಉಳಿದವರಿಗೆ ನನ್ನ ಪದ್ಧತಿಯೇ ಸಾಕು.

ಕಡತದ_ಕೋಣೆ

ನಾನು ನ್ಯೂಜೆರ್ಸಿಯ ಒಂದು ಗ್ರಂಥಾಲಯದಲ್ಲಿ ಹಳೆ ಕಾಗದಗಳ ವಿಭಾಗ ನೋಡಿಕೊಳ್ಳುವವಳು. ಇಷ್ಟು ಹೊತ್ತು ನಕಲಿಯ ಬಗ್ಗೆಯೇ ಮಾತಾಯಿತು. ಕಳ್ಳಮಾಲಿನ ಬಗ್ಗೆ ಯಾರೂ ಎತ್ತಲಿಲ್ಲ. ಹತ್ತೊಂಬತ್ತನೇ ಶತಮಾನದ ಆಟಗಾರರ ಸಹಿ ಹುಡುಕುವವರಿಗೆ ಇದೇ ದೊಡ್ಡ ತಲೆನೋವು.

ಮೇಲೆ ಹ್ಯಾರಿ ರೈಟ್ ಹೆಸರು ಬಂತಲ್ಲ. ಅವನು ಲೆಕ್ಕಪತ್ರದಲ್ಲಿ ಭಾರೀ ಅಚ್ಚುಕಟ್ಟು. ಕೆಲಸ ಕೇಳಿ, ಸಂಬಳ ಚೌಕಾಸಿ ಮಾಡಿ ಆಟಗಾರರು ಬರೆದ ಪತ್ರಗಳನ್ನೆಲ್ಲ ಜೋಡಿಸಿಟ್ಟಿದ್ದ. 1895ರಲ್ಲಿ ಅವನು ತೀರಿಕೊಂಡ ಮೇಲೆ ಆ ಕಾಗದಗಳು ಹಳೇ ಪಿಚರ್, ಆಟದ ಸಾಮಾನಿನ ದೊಡ್ಡ ವ್ಯಾಪಾರಿ ಎ. ಜಿ. ಸ್ಪಾಲ್ಡಿಂಗ್ ಸಂಗ್ರಹ ಸೇರಿದವು. ಸ್ಪಾಲ್ಡಿಂಗ್ ಹೆಂಡತಿ 1921ರಲ್ಲಿ ಅದನ್ನೆಲ್ಲ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ದಾನ ಕೊಟ್ಟರು. ಆಮೇಲೆ ಯಾವಾಗಲೋ ಅಲ್ಲಿಂದ ಪತ್ರಗಳು ಒಂದೊಂದಾಗಿ ಕಾಣೆಯಾದವು. ಆ ಕಾಲದಲ್ಲಿ ಓದುಕೋಣೆಯಲ್ಲಿ ಕೇಳಿದವರ ಮುಂದೆ ಕಡತ ಇಟ್ಟು ಹೋಗುತ್ತಿದ್ದರು. ಬೇಸ್‌ಬಾಲ್ ಕಾಗದಕ್ಕೆ ಮುಂದೊಂದು ದಿನ ಬೆಲೆ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

2009ರಲ್ಲಿ ಹ್ಯಾರಿ ರೈಟ್‌ಗೆ ಬರೆದ ಪತ್ರಗಳ ಒಂದು ಕಂತೆ ಹರಾಜಿಗೆ ಬಂತು. ಇವು ಲೈಬ್ರರಿಯವು ಅನ್ನುವ ಅನುಮಾನ ಎದ್ದು ಎಫ್‌ಬಿಐ ತನಿಖೆಗೆ ಇಳಿಯಿತು. ಉಯಿಲುಗಳ ಕಥೆಯೂ ಇದೇ. ಸಹಿಗೋಸ್ಕರ ಅಮೆರಿಕದ ನ್ಯಾಯಾಲಯಗಳ ದಾಖಲೆ ಕೋಣೆಗಳಿಂದ ಹಳೆ ಆಟಗಾರರ ಉಯಿಲುಗಳನ್ನು ಕದ್ದಿದ್ದಾರೆ.

ಜಾಕ್ಸನ್ ಉಯಿಲು ಹಾಗೆ ಕಳುವಾಗದೆ ಉಳಿಯಿತು. ಕೇಟಿಯ ಆಸ್ತಿ ಎರಡು ಆರೋಗ್ಯ ಸಂಸ್ಥೆಗಳಿಗೆ ಹೋಗಿತ್ತು. ಜಾಕ್ಸನ್ ಉಯಿಲಿನ ಮೂಲ ಪ್ರತಿ ನಮಗೆ ಕೊಡಿ, ಮಾರಿ ಸೇವೆಗೆ ಬಳಸುತ್ತೇವೆ ಅಂತ ಆ ಸಂಸ್ಥೆಗಳು ಕೇಳಿದವು. ದಕ್ಷಿಣ ಕ್ಯಾರೊಲೈನಾದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಸಾರ್ವಜನಿಕ ದಾಖಲೆ, ಇದ್ದಲ್ಲೇ ಇರಬೇಕು ಅಂದಿತು. ನನಗೆ ಆ ತೀರ್ಪು ತುಂಬ ಸರಿ ಕಾಣುತ್ತದೆ.

ಆದ್ದರಿಂದ ನೆನಪಿಡಿ. ಒಂದು ಪತ್ರದ ತಲೆಯಲ್ಲಿ 'ಪ್ರಿಯ ಹ್ಯಾರಿ' ಅಂತಿದ್ದರೆ ಅದು ಅಸಲಿ ಇರುವ ಸಾಧ್ಯತೆ ಬಹಳ. ಕದ್ದದ್ದಿರುವ ಸಾಧ್ಯತೆಯೂ ಅಷ್ಟೇ. ಮುದ್ರೆ ಕೆರೆದ ಗುರುತು, ಅಂಚಿನಲ್ಲಿ ಪೆನ್ಸಿಲ್ ಸಂಖ್ಯೆ ಉಜ್ಜಿದ ಗುರುತು, ಹಿಂಬದಿಯಲ್ಲಿ ಪುಸ್ತಕಕ್ಕೆ ಅಂಟಿಸಿದ್ದ ಗೋಂದು, ಇವನ್ನು ಹುಡುಕಿ.

ಬೋಣಿಗೆ_ಬೇಟೆ

ಮೇಡಂ, ಒಂದು ಪ್ರಶ್ನೆ, ಬೇಜಾರಾಗಬೇಡಿ. ಯಾರೂ ತೆರೆದು ನೋಡದ ಡಬ್ಬದಲ್ಲಿ ಗೆದ್ದಲು ಹಿಡಿಯುವುದಕ್ಕಿಂತ ಪ್ರೀತಿಯಿಂದ ನೋಡಿಕೊಳ್ಳುವವರ ಕೈಲಿ ಇರುವುದು ಒಳ್ಳೆಯದಲ್ವಾ?

ಕಡತದ_ಕೋಣೆ

ಬೇಜಾರೇನಿಲ್ಲ, ಎಲ್ಲರೂ ಕೇಳುವ ಪ್ರಶ್ನೆಯೇ. ಪ್ರೀತಿಯಿಂದ ನೋಡಿಕೊಳ್ಳುವವರು ಪತ್ರವನ್ನು ಪತ್ರವಾಗಿ ಇಟ್ಟುಕೊಂಡರೆ ಆ ಮಾತು ಒಪ್ಪಬಹುದಿತ್ತು. ಇವರು ಸಹಿ ಕತ್ತರಿಸಿ ಉಳಿದದ್ದು ಎಸೆಯುತ್ತಾರೆ. 1870ರ ದಶಕದಲ್ಲಿ ಒಬ್ಬ ಆಟಗಾರ ಎಷ್ಟು ಸಂಬಳ ಕೇಳಿದ, ಯಾವ ಊರಲ್ಲಿ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಅನ್ನುವುದು ಆ ಎಸೆದ ಭಾಗದಲ್ಲಿ ಇರುತ್ತದೆ. ನನಗೆ ಬೇಕಾದದ್ದು ಅದು, ಸಹಿ ಅಲ್ಲ.

ಹಳೇಕಾಗದ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಸಲಿಯೇ ಅಂತ ಗೊತ್ತಾದರೂ ಅದು ನಿಮ್ಮ ಹತ್ತಿರ ಉಳಿಯುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಅಮೆರಿಕದ ಕಾನೂನಿನಲ್ಲಿ ಕದ್ದ ವಸ್ತುವನ್ನು ತಿಳಿಯದೆ ದುಡ್ಡು ಕೊಟ್ಟು ಕೊಂಡರೂ ಅದು ನಿಮ್ಮದಾಗುವುದಿಲ್ಲ. ಲೈಬ್ರರಿ ಕೇಳಿದ ದಿನ ವಾಪಸ್ ಕೊಡಬೇಕು. ಕೊಟ್ಟ ದುಡ್ಡು ಮಾರಿದವರ ಹತ್ತಿರ ವಸೂಲಿ ಮಾಡಿಕೊಳ್ಳುವುದು ನಿಮ್ಮ ಪಾಡು.

ಮೈಸೂರು_ಪೋಸ್ಟ್‌ಕಾರ್ಡ್

ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಸ್ಪಾಲ್ಡಿಂಗ್ ತನ್ನ ತಂಡಗಳನ್ನು ಕಟ್ಟಿಕೊಂಡು 1888-89ರಲ್ಲಿ ಪ್ರಪಂಚ ಸುತ್ತಿದ ಅಂತ ಓದಿದ್ದೇನೆ. ನಮ್ಮ ಕಡೆ ಬಂದಿದ್ದರಾ? ಬಂದಿದ್ದರೆ ಯಾವುದಾದರೂ ಕ್ಲಬ್ಬಿನ ಹಳೇ ಪುಸ್ತಕದಲ್ಲಿ ಸಹಿ ಇರಬಹುದಲ್ಲ!

ಹಳೇಕಾಗದ

ಕೊಲಂಬೊದವರೆಗೆ ಬಂದಿದ್ದರು. ಆಸ್ಟ್ರೇಲಿಯಾ ಮುಗಿಸಿ 1889ರ ಜನವರಿಯಲ್ಲಿ ಅಲ್ಲಿ ಆಡಿ, ಹಾಗೇ ಈಜಿಪ್ಟ್ ಕಡೆ ಹೋದರು. ತಂಡದಲ್ಲಿ ಕ್ಯಾಪ್ ಆ್ಯನ್ಸನ್ ಇದ್ದ, ಮಾಂಟ್ಗಮರಿ ವಾರ್ಡ್ ಇದ್ದ. ಜಾರ್ಜ್ ರೈಟ್ ಕೂಡ ಜೊತೆಗಿದ್ದ, ಇವರಿಗೆ ಕ್ರಿಕೆಟ್ ಕಲಿಸಲು. ಅಂದಹಾಗೆ ವಾರ್ಡ್ ಕಾನೂನು ಓದಿದವನು. 1885ರಲ್ಲಿ ಆಟಗಾರರ ಮೊದಲ ಸಂಘ ಕಟ್ಟಿದ. ಆಮೇಲೆ ವಕೀಲಿಕೆ ಮಾಡಿ 1925ರವರೆಗೆ ಬದುಕಿದ್ದರಿಂದ ಅವನ ಕಾಗದಗಳು ಉಳಿದಿವೆ. ಜಾರ್ಜ್ ರೈಟ್ ಬಾಸ್ಟನ್‌ನಲ್ಲಿ ಆಟದ ಸಾಮಾನಿನ ಕಂಪನಿ ನಡೆಸಿ 1937ರವರೆಗೆ ಬದುಕಿದ್ದ. ವ್ಯಾಪಾರದ ಪತ್ರಗಳಲ್ಲಿ ಅವನ ಸಹಿ ಸಿಗುತ್ತದೆ. ಅದೇ ಕಿಂಗ್ ಕೆಲಿಯನ್ನು ನೋಡಿ. 1887ರಲ್ಲಿ 10,000 ಡಾಲರ್‌ಗೆ ಷಿಕಾಗೊ ಅವನನ್ನು ಬಾಸ್ಟನ್‌ಗೆ ಮಾರಿತು. ಆ ಕಾಲದ ಸೂಪರ್ ಸ್ಟಾರ್, ಬೀದಿಯಲ್ಲಿ ಜನ ಸಹಿಗೆ ಮುತ್ತಿಕೊಳ್ಳುತ್ತಿದ್ದರಂತೆ. 1894ರಲ್ಲಿ 36ನೇ ವಯಸ್ಸಿಗೆ ಹೋದ. ಇವತ್ತು ಅವನ ಸಹಿಗೆ ಬರಗಾಲ.

ಶಾಯಿಬುಡ್ಡಿ

ಕಪ್ಪು ಆಟಗಾರರ ವಿಷಯ ಯಾರೂ ತೆಗೆಯಲಿಲ್ಲ. ದೊಡ್ಡ ಲೀಗ್‌ಗಳಿಗೆ ಅವರನ್ನು ಸೇರಿಸುತ್ತಿರಲಿಲ್ಲ, ತಮ್ಮದೇ ಲೀಗ್ ಕಟ್ಟಿಕೊಂಡು ಆಡಿದರು. ರೂಬ್ ಫಾಸ್ಟರ್ 1920ರಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಶುರು ಮಾಡಿ 1930ರಲ್ಲಿ ತೀರಿಕೊಂಡ. 2006ರಲ್ಲಿ ಆ ಲೀಗ್‌ಗಳ ಮತ್ತು ಅದಕ್ಕೂ ಹಿಂದಿನ ಕಾಲದ 17 ಜನರನ್ನು ಒಟ್ಟಿಗೆ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಹಾಲ್ ಆಫ್ ಫೇಮ್‌ನ ಎಲ್ಲರ ಸಹಿಯೂ ಬೇಕು ಅಂತ ಹಟ ಹಿಡಿದವರಿಗೆ ರಾತ್ರೋರಾತ್ರಿ ಹೊಸ ಹೆಸರುಗಳು. ಅವರು ಬದುಕಿದ್ದಾಗ ಬಹುಪಾಲು ಬಿಳಿಯ ಸಂಗ್ರಾಹಕರು ಅವರ ಸಹಿ ಕೇಳಲೇ ಇಲ್ಲ. ಈಗ ಹುಡುಕಿದರೆ ಎಲ್ಲಿಂದ ಬರಬೇಕು? ನಕಲಿ ಮಾತ್ರ ಬೇಡಿಕೆ ಬಂದ ಕೂಡಲೇ ಬಂತು.

ಮಲ್ಲೇಶ್ವರ_ಹುಡುಗ

ಇದನ್ನೆಲ್ಲ ಓದಿ ಆಸೆಯೂ ಬಂತು, ಭಯವೂ ಬಂತು. ಬೆಂಗಳೂರಿನಲ್ಲಿ ಕೂತು ಒಂದೇ ಒಂದು ಹಳೇ ಸಹಿ ಕೊಳ್ಳಬೇಕು ಅಂದರೆ ಯಾರದ್ದು ಕೊಳ್ಳಲಿ? ಲಕ್ಷಗಟ್ಟಲೆ ದುಡ್ಡಿಲ್ಲ.

ಹಳೇಕಾಗದ

ಹಳೇ ಕಾಲದಲ್ಲಿ ಆಡಿ, ತುಂಬ ವರ್ಷ ಬದುಕಿ, ಅಭಿಮಾನಿಗಳ ಪತ್ರಕ್ಕೆ ತಾಳ್ಮೆಯಿಂದ ಉತ್ತರ ಬರೆದವರನ್ನು ಹಿಡಿಯಿರಿ. ರೂಬ್ ಮಾರ್ಕ್ವಾರ್ಡ್ 1912ರಲ್ಲಿ ಸತತ 19 ಪಂದ್ಯ ಗೆದ್ದ ಪಿಚರ್, ಬದುಕಿದ್ದು 1980ರವರೆಗೆ. ಎಡ್ ರೌಶ್ 1919ರ ವರ್ಲ್ಡ್ ಸೀರೀಸ್‌ನಲ್ಲಿ ಜಾಕ್ಸನ್ ತಂಡದ ಎದುರು ಆಡಿದವನು, 1988ರವರೆಗೆ ಇದ್ದ. ಸಂಗ್ರಾಹಕರು ಅಂಚೆಯಲ್ಲಿ ಕಾರ್ಡು ಕಳಿಸಿ ಇಂಥವರಿಂದ ಸಹಿ ಹಾಕಿಸಿಕೊಂಡಿದ್ದಾರೆ. ಹಾಲ್ ಆಫ್ ಫೇಮ್ ಫಲಕದ ಚಿತ್ರವಿರುವ ಪೋಸ್ಟ್‌ಕಾರ್ಡ್ ಮೇಲೆ ಇವರ ಸಹಿ ಸಾಮಾನ್ಯ ಜನರ ಬೆಲೆಗೆ ಸಿಗುತ್ತದೆ. ಬೆಲೆ ಕಡಿಮೆ ಇರುವುದರಿಂದ ನಕಲಿ ಮಾಡುವವರಿಗೂ ಆಸೆ ಕಡಿಮೆ.

ಸ್ವಲ್ಪ ಹೆಚ್ಚು ದುಡ್ಡು ಹಾಕಬಲ್ಲಿರಾದರೆ ಬ್ಯಾಂಕ್ ಚೆಕ್ ನೋಡಿ. ಟೈ ಕಾಬ್ ಬರೆದ ಹಳೆ ಚೆಕ್‌ಗಳು ಆಗಾಗ ಮಾರಾಟಕ್ಕೆ ಬರುತ್ತವೆ. ತಾರೀಕು, ಬ್ಯಾಂಕ್ ಹೆಸರು, ಪಾವತಿಯಾದ ತೂತಿನ ಗುರುತು ಎಲ್ಲ ಒಂದೇ ಕಾಗದದ ಮೇಲೆ ಇರುತ್ತದೆ. ಅಲ್ಲೂ ಮೋಸ ಇಲ್ಲವೆಂದಲ್ಲ. ಆದರೂ ಬೆರಳುದ್ದದ ಚೂರಿಗಿಂತ ಸಾವಿರ ಪಾಲು ವಾಸಿ.

ಶಾಯಿಬುಡ್ಡಿ

ಕೊಂಡಮೇಲೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ! ಸೆಲೋಟೇಪ್ ಹತ್ತಿರವೂ ಬಿಡಬೇಡಿ. ಪಾಲಿಯೆಸ್ಟರ್ ಹಾಳೆಯ ಕವರ್‌ನಲ್ಲಿ ಹಾಕಿ ಬಿಸಿಲು ಬೀಳದ ಕಡೆ ಇಡಿ. ಮಳೆಗಾಲದಲ್ಲಿ ಬೀರುವಿನ ಗೋಡೆ ಕಡೆಯ ತಟ್ಟೆ ಬೇಡ, ತೇವ ಹಿಡಿಯುತ್ತದೆ.

ಸಿನ್ಸಿನಾಟಿ_ಕನ್ನಡಿಗ

ಮಾರುವವರ ಉತ್ತರ ಬಂತು. 'ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ಹಿಂಬದಿ ಖಾಲಿ ಇದೆ, ಫೋಟೋ ಬೇಕಾಗಿಲ್ಲ' ಅಂತ. ಪ್ರಮಾಣಪತ್ರದ ಸಂಖ್ಯೆ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಡೆಲಹಾಂಟಿಗೆ ಕೈಮುಗಿದು ಬಿಟ್ಟೆ.

ಈಗ 1869ರ ತಂಡದ ಕಡೆಗೇ ತಿರುಗಿದ್ದೇನೆ. ಏಸಾ ಬ್ರೈನಾರ್ಡ್ 1888ರಲ್ಲೇ ಹೋದ, ಅವನದ್ದು ಕನಸು. ಕ್ಯಾಲ್ ಮೆಕ್‌ವೀ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1926ರವರೆಗೆ ಬದುಕಿದ್ದ, ಅಲ್ಲಿ ಏನಾದರೂ ಉಳಿದಿರಬಹುದು ಅನ್ನುವ ಆಸೆ. 1906ರ ಭೂಕಂಪ, ಬೆಂಕಿಯಲ್ಲಿ ಆ ಊರಿನ ದಾಖಲೆಗಳು ಸುಟ್ಟುಹೋಗಿವೆ ಅಂತ ಗೊತ್ತು. ಅದರ ನಂತರದ 20 ವರ್ಷಗಳ ಕಾಗದ ಯಾವ ಕಚೇರಿಯಲ್ಲಿ ನೋಡಲು ಸಿಗುತ್ತದೆ, ಬೇ ಏರಿಯಾದಲ್ಲಿ ಇರುವವರು ಯಾರಾದರೂ ಹೇಳುತ್ತೀರಾ? ಕೊಳ್ಳುವುದಕ್ಕಲ್ಲ ಮೇಡಂ, ಅವನ ಕೈಬರಹ ಹೇಗಿತ್ತು ಅಂತ ನೋಡಿಕೊಳ್ಳುವುದಕ್ಕೆ.

ಕಡತದ_ಕೋಣೆ

ನಂಬಿದೆ. ಮತದಾರರ ನೋಂದಣಿ ಪುಸ್ತಕಗಳಿಂದ ಶುರು ಮಾಡಿ, ಅಲ್ಲಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇತ್ತಾ ಅಂತ ಮೊದಲು ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಇತಿಹಾಸ ವಿಭಾಗಕ್ಕೆ ಬರೆದು ಕೇಳಿ. ಪತ್ರ ಹೇಗೆ ಬರೆಯಬೇಕು ಅಂತ ಸಂದೇಶ ಕಳಿಸುತ್ತೇನೆ.